ಸಿಲಿಂಡರ್ ಮುಚ್ಚಿದರೂ ಕೂಗುವ ಗ್ಯಾಸ್ ಅಲಾರಂ

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯ ಮೋಟಾರ್‌ಹೋಮ್. ಕಳೆದ ವರ್ಷ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಮಂಚದ ಪಕ್ಕ, ನೆಲದ ಹತ್ತಿರ ಗ್ಯಾಸ್ ಅಲಾರಂ ಇದೆ. ಎರಡು ವಾರದಿಂದ ರಾತ್ರಿ ಎರಡು, ಮೂರು ಗಂಟೆ ಹೊತ್ತಿಗೆ ಕೆಂಪು ದೀಪ ಹತ್ತಿ ಕಿವಿ ಹರಿಯುವಂತೆ ಕೂಗುತ್ತದೆ. ಬಾಗಿಲು ತೆರೆದಿಟ್ಟರೆ ಹತ್ತು ನಿಮಿಷದಲ್ಲಿ ಸುಮ್ಮನಾಗುತ್ತದೆ. ಸಿಲಿಂಡರಿನ ವಾಲ್ವ್ ಮುಚ್ಚಿ ಮಲಗಿದರೂ ಕೂಗಿತು. ನನಗೆ ಗ್ಯಾಸ್ ವಾಸನೆ ಬಂದಿಲ್ಲ. ಹೆಂಡತಿ ಒಮ್ಮೆ ಕೊಳೆತ ಮೊಟ್ಟೆಯ ವಾಸನೆ ಅಂದಳು. ಅಲಾರಂ ಕೆಟ್ಟಿದೆಯೆಂದು ಹೊಸದು ಹಾಕಿಸಿದೆ. ಎರಡು ರಾತ್ರಿ ತಣ್ಣಗಿತ್ತು (ಆಗ ಕರೆಂಟ್ ಇಲ್ಲದ ಜಾಗದಲ್ಲಿ ತಂಗಿದ್ದೆವು), ಮೂರನೇ ರಾತ್ರಿ ಮತ್ತೆ ಶುರು. ರಾತ್ರಿ ಮಲಗುವಾಗ ಅದರ ಫ್ಯೂಸ್ ತೆಗೆದಿಡಬಹುದೇ?

ಉತ್ತರ: ತೆಗೆಯಬೇಡಿ. ನಿದ್ದೆಗೆಟ್ಟವರ ಸಿಟ್ಟು ಅರ್ಥವಾಗುತ್ತದೆ. ಆದರೆ ನಿಮ್ಮ ಪತ್ರ ಓದಿದ ಮೇಲೆ, ಆ ಡಬ್ಬಿ ಕೆಟ್ಟಿಲ್ಲ, ಅದು ಕೂಗುವುದಕ್ಕೆ ಕಾರಣ ಇದೆ ಎಂದು ನನಗೆ ಮುಕ್ಕಾಲು ಪಾಲು ಖಾತ್ರಿಯಾಗಿದೆ. ಕಾರಣ ಬಹುಶಃ ಅಡುಗೆ ಗ್ಯಾಸ್ ಅಲ್ಲ ಅಷ್ಟೆ.

ನೀವು ಬ್ರಾಕೆಟ್ಟಿನೊಳಗೆ ಹಾಕಿ ಮುಂದೆ ಹೋದ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು. ಕರೆಂಟ್ ಇಲ್ಲದ ಜಾಗದಲ್ಲಿ ಅಲಾರಂ ಸುಮ್ಮನಿತ್ತು. ಕರೆಂಟಿಗೆ ಗಾಡಿ ಚುಚ್ಚಿದ ರಾತ್ರಿಗಳಲ್ಲಿ ಕೂಗಿತು. ಹೊಸ ಅಲಾರಮ್ಮಿಗೂ ಹಳೆಯದಕ್ಕೂ ಅದರಲ್ಲಿ ವ್ಯತ್ಯಾಸ ಇಲ್ಲ. ಹೊರಗಿನ ಕರೆಂಟ್ ಬಂದಾಗ ಗಾಡಿಯೊಳಗೆ ತಾನಾಗಿ ಚಾಲೂ ಆಗುವ ಸಾಮಾನು ಯಾವುದು? ಬ್ಯಾಟರಿ ಚಾರ್ಜರ್. ಇನ್ನು ನಿಮ್ಮ ಹೆಂಡತಿಯ ಮೂಗನ್ನು ನಂಬಿ. ಅತಿಯಾಗಿ ಚಾರ್ಜ್ ಆಗಿ ಕುದಿಯುವ ಸೀಸ-ಆಮ್ಲದ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ತೀರಾ ಹದಗೆಟ್ಟಾಗ ಹೈಡ್ರೋಜನ್ ಸಲ್ಫೈಡ್ ಕೂಡ ಬಿಡುತ್ತದೆ. ಆ ಎರಡನೆಯದರ ವಾಸನೆ ಸಾಕ್ಷಾತ್ ಕೊಳೆತ ಮೊಟ್ಟೆ. ಅಡುಗೆ ಗ್ಯಾಸಿಗೆ ಬೆರೆಸುವ ಈಥೈಲ್ ಮರ್ಕ್ಯಾಪ್ಟಾನ್ ಕೂಡ ಗಂಧಕದ ಕುಲದ್ದೇ ಆದ್ದರಿಂದ ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಮರ್ಕ್ಯಾಪ್ಟಾನ್ ಕೊಳೆತ ಎಲೆಕೋಸಿಗೆ ಹತ್ತಿರ, ಮೂಗಿಗೆ ಚುಚ್ಚುತ್ತದೆ. ಇದು ಮೊಟ್ಟೆ. ಒಂದು ಸಲ ಎರಡನ್ನೂ ಮೂಸಿದವರು ಮತ್ತೆ ತಪ್ಪುವುದಿಲ್ಲ.

ಬ್ಯಾಟರಿಯ ತನಿಖೆಗೆ ಮೊದಲು, ಇವತ್ತು ರಾತ್ರಿಯೇ ಅದು ಮತ್ತೆ ಕೂಗಿದರೆ ಏನು ಮಾಡಬೇಕೆಂದು ಹೇಳಿಬಿಡುತ್ತೇನೆ. ನನ್ನ ಊಹೆ ತಪ್ಪಾಗಿದ್ದರೆ ನೀವು ಅಪಾಯದಲ್ಲಿರಬಾರದು. ಬೆಂಕಿ ಏನಾದರೂ ಹತ್ತಿದ್ದರೆ ಆರಿಸಿ. ದೀಪದ ಸ್ವಿಚ್ಚು, ಫ್ಯಾನಿನ ಸ್ವಿಚ್ಚು ಯಾವುದನ್ನೂ ಹಾಕಲೂ ಬೇಡಿ, ಆರಿಸಲೂ ಬೇಡಿ. ಎಲ್ಲರನ್ನೂ ಎಬ್ಬಿಸಿ ಹೊರಗೆ ಕಳಿಸಿ, ಬಾಗಿಲು ತೆರೆದೇ ಬಿಡಿ. ಹೊರಗಿನಿಂದ ಸಿಲಿಂಡರಿನ ವಾಲ್ವ್ ಮುಚ್ಚಿ. ಗಾಡಿಯ ಎಂಜಿನ್ ಚಾಲೂ ಮಾಡಬೇಡಿ. ಕರೆಂಟ್ ತೆಗೆಯುವುದಿದ್ದರೆ ಗಾಡಿಯ ಬದಿಯ ಪ್ಲಗ್ ಎಳೆಯಬೇಡಿ, ಗಾಡಿಗೆ ಕರೆಂಟ್ ಕೊಡುವ ದೂರದ ಕಂಬದ ಬ್ರೇಕರ್ ಇಳಿಸಿ. ಅಲಾರಂ ತಾನಾಗಿ ಸುಮ್ಮನಾಗಿ, ಒಳಗೆ ಗಾಳಿ ಚೆನ್ನಾಗಿ ಆಡಿದ ಮೇಲೆಯೇ ಒಳಗೆ ಹೋಗಿ. ವಾಸನೆ ಇಲ್ಲ ಅನ್ನುವುದು ಒಳಗೆ ಹೋಗಲು ಪರವಾನಗಿ ಅಲ್ಲ. ಹೈಡ್ರೋಜನ್ ಸಲ್ಫೈಡ್ ಪ್ರಮಾಣ ಏರಿದಾಗ ಮೂಗಿನ ಗ್ರಹಿಕೆಯೇ ಸತ್ತುಹೋಗುತ್ತದೆ. ವಾಸನೆ ಹೋಯಿತು ಅಂದರೆ ಗ್ಯಾಸ್ ಹೋಯಿತು ಎಂದಲ್ಲ.

ಅಲಾರಮ್ಮಿಗೆ ಬ್ಯಾಟರಿಯ ಉಸಿರು ಯಾಕೆ ತಟ್ಟುತ್ತದೆ ಎಂದು ಗೊತ್ತಾದರೆ ಮುಂದಿನ ತನಿಖೆ ಅರ್ಧ ಮುಗಿದಂತೆ. ಮೋಟಾರ್‌ಹೋಮುಗಳ ಬಹುಪಾಲು ಗ್ಯಾಸ್ ಅಲಾರಮ್ಮುಗಳ ಒಳಗೆ ತವರದ ಆಕ್ಸೈಡಿನ ಒಂದು ಪುಟ್ಟ ಮಣಿ ಇರುತ್ತದೆ. ಒಂದು ಹೀಟರ್ ಅದನ್ನು ಸದಾ ಕಾಯಿಸುತ್ತಿರುತ್ತದೆ. ಗಾಳಿಯ ಆಮ್ಲಜನಕ ಬಂದು ಮಣಿಯ ಮೈಗೆ ಅಂಟಿಕೊಂಡು ಅದರ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಮಣಿಯಲ್ಲಿ ವಿದ್ಯುತ್ ಹರಿಯುವುದು ಕಷ್ಟ. ಉರಿಯಬಲ್ಲ ಯಾವುದೇ ಅನಿಲ ಬಂದು ತಗುಲಿದರೆ ಆ ಆಮ್ಲಜನಕವನ್ನು ತಿಂದುಹಾಕುತ್ತದೆ, ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ, ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಸೈರನ್ ಕೂಗುತ್ತದೆ. ‘ಯಾವುದೇ’ ಅಂದೆನಲ್ಲ, ಅದೇ ಇಲ್ಲಿನ ತಿರುಳು. ಈ ಮಣಿಗೆ ಅಡುಗೆ ಗ್ಯಾಸಿನ ಪ್ರೊಪೇನ್ ಎಂಬ ಹೆಸರು ಗೊತ್ತಿಲ್ಲ. ಹೈಡ್ರೋಜನ್, ಆಲ್ಕೋಹಾಲ್, ಹೇರ್‌ಸ್ಪ್ರೇ, ಅಂಟಿನ ಆವಿ, ಚರಂಡಿಯ ಗಾಳಿ ಎಲ್ಲವೂ ಅದಕ್ಕೆ ಒಂದೇ. ಡಬ್ಬಿಯ ಮೇಲೆ ‘ಎಲ್‌ಪಿ ಗ್ಯಾಸ್’ ಎಂದು ಬರೆದಿರುವುದನ್ನು ನೋಡಿ ನಾವು ಸಿಲಿಂಡರನ್ನೇ ಗುಮಾನಿಯಿಂದ ನೋಡುತ್ತೇವೆ. ಮಣಿ ಹೇಳುತ್ತಿರುವುದು ‘ಇಲ್ಲಿ ನೆಲಮಟ್ಟದಲ್ಲಿ ಏನೋ ಇದೆ’ ಎಂಬಷ್ಟೇ ಮಾತು. ಅದನ್ನು ಸುಳ್ಳು ಅಲಾರಂ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ನೆಲಮಟ್ಟ ಯಾಕೆಂದರೆ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ಸೋರಿದರೆ ನೀರಿನ ಹಾಗೆ ಕೆಳಗೆ ಹರಿದು ನಿಲ್ಲುತ್ತದೆ. ಹೈಡ್ರೋಜನ್ ಸಲ್ಫೈಡ್ ಕೂಡ ಗಾಳಿಗಿಂತ ಸ್ವಲ್ಪ ಭಾರವೇ. ಹೈಡ್ರೋಜನ್ ಮಾತ್ರ ಹಗುರ, ಮೇಲಕ್ಕೆ ಏರುತ್ತದೆ. ಆದರೆ ಬ್ಯಾಟರಿ ಇರುವುದೇ ಮಂಚದ ಕೆಳಗಿನ ಮುಚ್ಚಿದ ಪೆಟ್ಟಿಗೆಯಲ್ಲಾದರೆ, ಮೇಲೇರುವ ದಾರಿಯಲ್ಲೇ ಅಲಾರಂ ಕೂತಿರುತ್ತದೆ. ನಿಮ್ಮದು ಮಂಚದ ಪಕ್ಕ ಅಂದಿದ್ದೀರಿ. ಬ್ಯಾಟರಿ ಎಲ್ಲಿದೆ ಎಂದು ಬರೆದಿಲ್ಲ. ಮಂಚದ ಕೆಳಗೋ, ಮೆಟ್ಟಿಲ ಕೆಳಗೋ, ಅಲಾರಮ್ಮಿನಿಂದ ಎರಡು ಮಾರು ದೂರದೊಳಗೆ ಇದ್ದರೆ ನನಗೆ ಆಶ್ಚರ್ಯವಿಲ್ಲ.

ನಡುರಾತ್ರಿಯೇ ಯಾಕೆ? ಹಗಲಿಡೀ ಬಾಗಿಲು ತೆರೆದು ಮುಚ್ಚುತ್ತೀರಿ, ಬಂದದ್ದು ಬಂದ ಹಾಗೇ ಹೋಗುತ್ತದೆ. ಹತ್ತು ಗಂಟೆಗೆ ಕಿಟಕಿ ಬಾಗಿಲು ಹಾಕಿ ಮಲಗಿದರೆ ಆಮೇಲೆ ಗಾಳಿ ಆಡುವುದಿಲ್ಲ. ಚಾರ್ಜರಿಗೆ ನಿದ್ದೆ ಇಲ್ಲ. ನಾಲ್ಕೈದು ಗಂಟೆಯಲ್ಲಿ ತುಂಬಿಕೊಂಡು ಮಣಿಯ ಮಿತಿ ದಾಟುತ್ತದೆ. ಬಾಗಿಲು ತೆರೆದ ಹತ್ತು ನಿಮಿಷಕ್ಕೆ ಸುಮ್ಮನಾಗುವುದೂ ಇದಕ್ಕೆ ಹೊಂದುತ್ತದೆ. ಕೆಟ್ಟ ಅಲಾರಂ ಬಾಗಿಲು ನೋಡಿ ಕೂಗುವುದನ್ನು ನಿಲ್ಲಿಸುವುದಿಲ್ಲ.

ಈಗ ಬ್ಯಾಟರಿ. ಬೆಳಗ್ಗೆ, ಬೆಳಕಿದ್ದಾಗ ನೋಡಿ. ಕಂಬದ ಬ್ರೇಕರ್ ಇಳಿಸಿ ಚಾರ್ಜರ್ ನಿಲ್ಲಿಸಿ, ಎಲ್ಲ ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಬಿಡಿ. ಸೋಲಾರ್ ಇದ್ದರೆ ಅದನ್ನೂ ಅದರ ಸ್ವಿಚ್ಚಿನಲ್ಲಿ ನಿಲ್ಲಿಸಿ. ಚಾರ್ಜ್ ಆಗುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಬಿಚ್ಚಿದರೆ ಕಿಡಿ ಹಾರುತ್ತದೆ, ಗಾಳಿಯಲ್ಲಿ ನೂರಕ್ಕೆ 4 ಪಾಲು ಹೈಡ್ರೋಜನ್ ಇದ್ದರೂ ಸಾಕು ಸಿಡಿಯುವುದಕ್ಕೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಪೆಟ್ಟಿಗೆಯ ಮುಚ್ಚಳ ತೆರೆದಾಗ ಮುಖ ಒಳಗೆ ಚಾಚಿ ಮೂಸಬೇಡಿ. ಕೈಯಿಂದ ಗಾಳಿಯನ್ನು ನಿಮ್ಮ ಕಡೆಗೆ ತೂರಿಕೊಂಡರೆ ಸಾಕು.

ಮೊದಲು ಕಣ್ಣಿನ ಕೆಲಸ. ಬ್ಯಾಟರಿಯ ಪಕ್ಕಗಳು ಚಪ್ಪಟೆಯಾಗಿ ಇರಬೇಕು. ಕುದ್ದ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ. ಮೇಲ್ಭಾಗ ಒದ್ದೆ, ಟರ್ಮಿನಲ್ ಸುತ್ತ ಬಿಳಿ-ಹಸಿರು ಬೂಷ್ಟು, ಕೆಳಗಿನ ತಗಡು ತುಕ್ಕು ಹಿಡಿದು ಸಿಪ್ಪೆ ಏಳುತ್ತಿರುವುದು, ಇವೆಲ್ಲ ಆಮ್ಲದ ಮಂಜು ಎದ್ದು ಬಿದ್ದ ಗುರುತು. ಆಮೇಲೆ ಗವಸು ತೊಟ್ಟ ಕೈಯ ಹಿಂಭಾಗವನ್ನು ಪಕ್ಕಕ್ಕೆ ತಾಗಿಸಿ. ಚಾರ್ಜರ್ ನಿಲ್ಲಿಸಿ ಅರ್ಧ ಗಂಟೆಯಾದರೂ ಬಿಸಿ ಗವಸು ದಾಟಿ ಬರುತ್ತಿದ್ದರೆ ಅದು ಬ್ಯಾಟರಿಯಲ್ಲ, ಒಲೆ. ಮುಚ್ಚಳ ತೆಗೆದು ನೀರು ಹಾಕುವ ಬಗೆಯದಾದರೆ ಆರೂ ಕೋಣೆಗಳ ನೀರಿನ ಮಟ್ಟ ನೋಡಿ. ಐದರಲ್ಲಿ ಸರಿಯಿದ್ದು ಒಂದು ಮಾತ್ರ ಒಣಗಿದ್ದರೆ ಕಳ್ಳ ಅಲ್ಲೇ ಇದ್ದಾನೆ.

ಇದರ ಲೆಕ್ಕ ಸ್ವಲ್ಪ ಹೇಳಲೇಬೇಕು. 12 ವೋಲ್ಟಿನ ಬ್ಯಾಟರಿ ಅಂದರೆ ಸುಮಾರು 2.1 ವೋಲ್ಟಿನ ಆರು ಕೋಣೆಗಳ ಸಾಲು. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವಾಗ ಮೀಟರ್ 12.6, 12.7 ತೋರಿಸಬೇಕು. ಒಂದು ಕೋಣೆ ಒಳಗೇ ಶಾರ್ಟ್ ಆಯಿತು ಅನ್ನಿ, ಉಳಿಯುವುದು ಐದು, ಅಂದರೆ 10.5 ವೋಲ್ಟ್. ಪಾಪದ ಚಾರ್ಜರಿಗೆ ಅದೇನು ಗೊತ್ತು? ಬ್ಯಾಟರಿ ಖಾಲಿಯಾಗಿದೆ ಎಂದುಕೊಂಡು 14.4 ವೋಲ್ಟ್ ತುಂಬುತ್ತದೆ, ತುಂಬುತ್ತಲೇ ಇರುತ್ತದೆ. 14.4 ಅನ್ನು ಐದರಿಂದ ಭಾಗಿಸಿ: ಒಂದೊಂದು ಕೋಣೆಯ ಮೇಲೆ 2.88 ವೋಲ್ಟ್. ಜೋರಾಗಿ ಗುಳ್ಳೆ ಏಳುವುದು 2.4ರ ಆಸುಪಾಸಿನಲ್ಲೇ ಶುರು. ಹಾಗಾಗಿ ಇಡೀ ರಾತ್ರಿ ಅದು ಕುದಿಯುತ್ತಲೇ ಇರುತ್ತದೆ, ಚಾರ್ಜರ್ ಎಂದಿಗೂ ‘ತುಂಬಿತು’ ಎನ್ನುವುದಿಲ್ಲ. ಎಲ್ಲ ಲೋಡ್ ಆರಿಸಿ, ಚಾರ್ಜರ್ ನಿಲ್ಲಿಸಿ, ಮೂರ್ನಾಲ್ಕು ಗಂಟೆ ಬಿಟ್ಟು ಮೀಟರ್ ಹಿಡಿಯಿರಿ. 10.5ರ ಹತ್ತಿರ ಬಂದರೆ ಬೇರೆ ಸಾಕ್ಷಿ ಬೇಡ.

ಎರಡು ಬ್ಯಾಟರಿಗಳನ್ನು ಜೋಡಿಯಾಗಿ ಕಟ್ಟಿದ್ದರೆ ಒಂದು ಮೋಸ ನಡೆಯುತ್ತದೆ. ಒಳ್ಳೆಯದು ಕೆಟ್ಟದ್ದನ್ನು ಸಾಕುತ್ತಾ ಇರುತ್ತದೆ, ಎರಡರ ಮೇಲೂ ಮೀಟರ್ ಒಂದೇ ಅಂಕಿ ತೋರಿಸುತ್ತದೆ. ನಡುವಿನ ಕೇಬಲ್ ಬಿಚ್ಚಿ ಒಂದೊಂದನ್ನೇ ಬೇರೆಯಾಗಿ ಬಿಟ್ಟು ಅಳೆಯಬೇಕು. ನನ್ನ ಬಳಿ ಬಂದ ಒಬ್ಬರು ನಾಲ್ಕು ತಿಂಗಳಲ್ಲಿ ಮೂರು ಅಲಾರಂ ಬದಲಿಸಿದ್ದರು. ಒಂದು ಕಾರ್ಯಾಗಾರದಲ್ಲಿ ಬ್ಯಾಟರಿ ನೋಡಿ ‘12.5 ಇದೆ, ಚೆನ್ನಾಗಿದೆ’ ಎಂದು ಕಳಿಸಿದ್ದರಂತೆ. ಮೆಟ್ಟಿಲಿನ ಹಲಗೆ ತೆಗೆದೆ. ಎರಡು ಬ್ಯಾಟರಿಗಳ ನಡುವೆ ಒಂದು ಬೆರಳು ತೂರುವಷ್ಟು ಜಾಗ ಇರಬೇಕಿತ್ತು, ಒಂದರ ಹೊಟ್ಟೆ ಇನ್ನೊಂದರ ಮೈಗೆ ಒತ್ತಿಕೊಂಡು ಕೂತಿತ್ತು. ಎಡಗಡೆಯದರ ಅನಿಲವನ್ನು ಹೊರಗೆ ಬಿಡುವ ಗಾಳಿಕೊಳವೆ ಮಡಚಿಕೊಂಡು ಮುಚ್ಚಿಹೋಗಿತ್ತು. ಬೇರೆ ಮಾಡಿ ಇಟ್ಟೆ. ಊಟದ ಹೊತ್ತು ಕಳೆದು ಬಂದು ನೋಡಿದರೆ ಬಲಗಡೆಯದು 12.6, ಎಡಗಡೆಯದು 10.4. ಅವರು ಮೂರೂ ಅಲಾರಂ ಚೀಲದಲ್ಲಿ ತಂದಿದ್ದರು. ಮೂರೂ ಸರಿಯಾಗಿದ್ದವು.

‘ನಮ್ಮದು ಸೀಲ್ಡ್ ಬ್ಯಾಟರಿ, ನೀರು ಹಾಕುವುದೇ ಇಲ್ಲ’ ಎಂದು ನೀವು ಹೇಳಬಹುದು. ಎಜಿಎಂ, ಜೆಲ್ ಬಗೆಯವು ಸಾಮಾನ್ಯ ದಿನಗಳಲ್ಲಿ ಅನಿಲವನ್ನು ಒಳಗೇ ನೀರಾಗಿಸಿಕೊಳ್ಳುತ್ತವೆ, ನಿಜ. ಅತಿಯಾಗಿ ಚಾರ್ಜ್ ಆದರೆ ಒಳಗಿನ ಒತ್ತಡ ಏರಿ ಅವುಗಳ ಕವಾಟವೂ ತೆರೆದುಕೊಳ್ಳುತ್ತದೆ. ಲಿಥಿಯಂ ಕಬ್ಬಿಣದ ಫಾಸ್ಫೇಟ್ ಬ್ಯಾಟರಿ ಹಾಕಿಸಿದ್ದರೆ ಮಾತ್ರ ಈ ಕಥೆ ನಿಮಗೆ ಅನ್ವಯಿಸುವುದಿಲ್ಲ. ಆಗಲೂ ಎಂಜಿನ್ ಚಾಲೂ ಮಾಡುವ ಬ್ಯಾಟರಿ ಸೀಸದ್ದೇ ಆಗಿರಬಹುದು, ಅದು ಸೀಟಿನ ಕೆಳಗೆ ಇರಬಹುದು, ಅದನ್ನೂ ಅದೇ ಚಾರ್ಜರ್ ತುಂಬುತ್ತಿರಬಹುದು. ಅದನ್ನು ಮರೆಯುವವರೇ ಹೆಚ್ಚು.

ಬ್ಯಾಟರಿ ನಿರ್ದೋಷಿ ಎಂದಾದರೆ? ಆಗ ಸಿಲಿಂಡರಿನ ಕಡೆ ಹೋಗೋಣ. ನೀವು ವಾಲ್ವ್ ಮುಚ್ಚಿ ಮಲಗಿದ್ದು ಒಳ್ಳೆಯ ಪರೀಕ್ಷೆ, ಪೂರ್ತಿ ಪರೀಕ್ಷೆ ಅಲ್ಲ. ವಾಲ್ವ್ ಮುಚ್ಚಿದಾಗ ಕೊಳವೆಯೊಳಗೆ ಉಳಿಯುವ ಗ್ಯಾಸ್ ತೀರ ಕಡಿಮೆ. ಹತ್ತು ಮೀಟರ್ ಉದ್ದದ ಬೆರಳು ಗಾತ್ರದ ಕೊಳವೆಯಲ್ಲಿ ಒಂದೆರಡು ಲೀಟರ್ ಆವಿ ಇರಬಹುದು, ಅದರಿಂದ ರಾತ್ರಿ ರಾತ್ರಿ ಅಲಾರಂ ಕೂಗುವುದಿಲ್ಲ. ಆದರೆ ವಾಲ್ವೇ ಪೂರ್ತಿ ಮುಚ್ಚದಿದ್ದರೆ? ಅದನ್ನು ನೋಡುವುದು ಸುಲಭ: ವಾಲ್ವ್ ಮುಚ್ಚಿ, ರೆಗ್ಯುಲೇಟರ್ ಬಿಚ್ಚಿ, ಬಾಯಿಗೆ ಸೋಪಿನ ನೀರು ಹಚ್ಚಿ ನೋಡಿ.

ಸೋಪಿನ ನೀರಿನ ಬಗ್ಗೆ ಒಂದು ಮಾತು. ಅಮೋನಿಯ ಇರುವ ಶುಚಿಕಾರಕಗಳನ್ನು ಇದಕ್ಕೆ ಬಳಸಬೇಡಿ, ಅಮೋನಿಯ ತಗುಲಿದ ಹಿತ್ತಾಳೆ ಬಿಗಿತ ಇರುವ ಕಡೆ ಕಾಲಕ್ರಮೇಣ ಬಿರುಕು ಬಿಡುತ್ತದೆ. ಸೋರಿಕೆ ಹುಡುಕಲು ಹೋಗಿ ಸೋರಿಕೆ ಹುಟ್ಟಿಸಿದ ಹಾಗಾಗುತ್ತದೆ. ಅದಕ್ಕೆಂದೇ ಮಾಡಿದ ದ್ರವ ಸಿಗುತ್ತದೆ, ಅದು ಉತ್ತಮ. ಹಚ್ಚಿದ ಮೇಲೆ ತಾಳ್ಮೆ ಬೇಕು. ದೊಡ್ಡ ಸೋರಿಕೆಗೆ ನೊರೆ ಬುಸ್ಸೆಂದು ಏಳುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ಸಣ್ಣದು ಹಾಗಲ್ಲ. ಒಲೆಯ ಹಿಂದಿನ ನಟ್ ಒಂದಕ್ಕೆ ಹಚ್ಚಿ ಟಾರ್ಚ್ ಹಿಡಿದು ಕೂತಿದ್ದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ನಟ್ಟಿನ ಅಂಚಿನಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ, ಪಕ್ಕದಲ್ಲಿ ಇನ್ನೊಂದು. ಮೊದಲನೆಯದು ಮೆಲ್ಲಗೆ ಕಡಲೆಯಷ್ಟಾಗಿ ಒಡೆಯಿತು, ಅದೇ ಜಾಗದಲ್ಲಿ ಮತ್ತೆ ಸಾಸಿವೆ. ಹಚ್ಚಿ ಕೂಡಲೇ ಮುಂದಿನ ಜೋಡಣೆಗೆ ಹೋಗಿದ್ದರೆ ತಪ್ಪಿಹೋಗುತ್ತಿತ್ತು. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವವರು ಇಂದಿಗೂ ಇದ್ದಾರೆ. ಅವರಿಗೆ ನಾನು ಏನೂ ಹೇಳುವುದಿಲ್ಲ, ದೂರ ನಿಲ್ಲುತ್ತೇನೆ.

ಓಡುವ ಮನೆಯ ಕೊಳವೆಗಳು ನಿಂತ ಮನೆಯ ಕೊಳವೆಗಳಂತಲ್ಲ. ರಸ್ತೆಯ ಪ್ರತಿಯೊಂದು ಕುಲುಕಾಟವನ್ನೂ ಅವು ತಿನ್ನುತ್ತವೆ. ಸಿಲಿಂಡರಿನಿಂದ ರೆಗ್ಯುಲೇಟರಿಗೆ ಹೋಗುವ ರಬ್ಬರ್ ಕೊಳವೆ, ಫ್ರಿಜ್ಜಿನ ಹಿಂದಿನ ಜೋಡಣೆ, ಒಲೆಯ ತಿರುಪುಗಳ ಕಾಂಡ, ಗೋಡೆ ಹೊರಕ್ಕೆ ಜಾರುವ ಗಾಡಿಗಳಲ್ಲಿ ಅದರ ಜತೆ ಬಳಕುವ ಕೊಳವೆ: ನನ್ನ ಅನುಭವದಲ್ಲಿ ಹೆಚ್ಚಿನ ಸೋರಿಕೆಗಳು ಈ ನಾಲ್ಕು ಕಡೆ. ರಬ್ಬರ್ ಕೊಳವೆಯನ್ನು ಬಗ್ಗಿಸಿ ನೋಡಿ, ಮೈಮೇಲೆ ಸೀಳು ಕಂಡರೆ ಸೋರಲಿ ಬಿಡಲಿ ಬದಲಿಸಿ. ಇಡೀ ಜಾಲ ಬಿಗಿಯಾಗಿದೆಯೇ ಎಂದು ತಿಳಿಯಲು ಒತ್ತಡದ ಪರೀಕ್ಷೆ ಮಾಡಿಸಬೇಕು. ರೆಗ್ಯುಲೇಟರಿನ ಆಚೆ ಇರುವ ಒತ್ತಡ ತೀರ ಕಡಿಮೆ, ಸಾಮಾನ್ಯವಾಗಿ 28ರಿಂದ 37 ಮಿಲಿಬಾರ್, ಕೆಲವು ಹಳೆಯ ಗಾಡಿಗಳಲ್ಲಿ 50. ತಂತ್ರಜ್ಞರು ಅಳತೆಯ ಕೊಳವೆ ಜೋಡಿಸಿ, ಒತ್ತಡ ಏರಿಸಿ, ವಾಲ್ವ್ ಮುಚ್ಚಿ ಕೆಲವು ನಿಮಿಷ ಕಾಯುತ್ತಾರೆ. ಗೆರೆ ಇಳಿಯಬಾರದು. ಇದು ನೀವೇ ಮಾಡುವ ಕೆಲಸವಲ್ಲ. ಆದರೆ ಪಕ್ಕದಲ್ಲಿ ನಿಂತು ನೋಡುವ ಹಕ್ಕು ನಿಮಗಿದೆ. ಬರೀ ಮೂಸಿ ನೋಡಿ ‘ಸರಿಯಿದೆ’ ಎಂದು ಬಿಲ್ ಕೊಡುವವರಿಗೆ ದುಡ್ಡು ಕೊಡಬೇಡಿ.

ಸೋರಿಕೆ ಸಣ್ಣದು ಎಂದು ಯಾಕೆ ಉಪೇಕ್ಷಿಸಬಾರದು ಎಂದರೆ, ಒಂದು ಲೀಟರ್ ದ್ರವ ಪ್ರೊಪೇನ್ ಸುಮಾರು 270 ಲೀಟರ್ ಆವಿಯಾಗಿ ಹಿಗ್ಗುತ್ತದೆ. ಗಾಳಿಯಲ್ಲಿ ನೂರಕ್ಕೆ 2.1 ಪಾಲು ಮುಟ್ಟಿದರೆ ಅದು ಹೊತ್ತಿಕೊಳ್ಳಬಲ್ಲದು. ಒಳಗಿನ ಜಾಗ 20 ಘನಮೀಟರ್ ಇದೆ ಅಂದುಕೊಳ್ಳಿ. ಇಡೀ ಗಾಡಿಯನ್ನು ಆ ಮಟ್ಟಕ್ಕೆ ತರಲು ಒಂದೂವರೆ ಲೀಟರ್ ದ್ರವ ಸಾಕು. ಅದೂ ಸಮನಾಗಿ ಬೆರೆತರೆ. ಅದು ಬೆರೆಯುವುದಿಲ್ಲ, ನೆಲದಲ್ಲಿ ಮಡುಗಟ್ಟುತ್ತದೆ, ಆದ್ದರಿಂದ ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ ಮಂಚದ ಮಟ್ಟದ ಗಾಳಿ ಅಪಾಯಕ್ಕೆ ಬರುತ್ತದೆ. ಅಲಾರಂ ಈ 2.1ರ ಕಾಲುಭಾಗ ಮುಟ್ಟುವ ಮೊದಲೇ ಕೂಗುವಂತೆ ಮಾಡಿರುತ್ತಾರೆ. ನೀವು ನಿದ್ದೆಯಲ್ಲಿರುವಾಗಲೂ ಅದು ಎದ್ದಿರುತ್ತದೆ.

ಉಳಿದ ಗುಮಾನಿಗಳನ್ನು ಬೇಗ ಬೇಗ ಹೇಳಿಬಿಡುತ್ತೇನೆ, ನಿಮ್ಮ ವಿಷಯದಲ್ಲಿ ಇವು ಹಿಂದಿನ ಸಾಲಿನವು. ಬಹಳ ದಿನ ನೀರು ಬಿಡದ ಸಿಂಕ್ ಅಥವಾ ಶವರಿನ ಕೆಳಗಿನ ಬಾಗುಕೊಳವೆಯ ನೀರು ಆರಿಹೋದರೆ ಕೊಳೆನೀರಿನ ಟ್ಯಾಂಕಿನ ಗಾಳಿ ಒಳಗೆ ಬರುತ್ತದೆ, ಅದರಲ್ಲಿ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಎರಡೂ ಇರುತ್ತವೆ. ಮೊಟ್ಟೆ ವಾಸನೆಗೆ ಬ್ಯಾಟರಿ ಬಿಟ್ಟರೆ ಎರಡನೆಯ ಆರೋಪಿ ಇದೇ. ಪ್ರತಿಯೊಂದು ತೂಬಿಗೂ ಒಂದು ಲೋಟ ನೀರು ಹಾಕಿ ಮಲಗಿ, ಖರ್ಚಿಲ್ಲದ ಪರೀಕ್ಷೆ. ಹೊಸ ಹಾಸಿಗೆ, ಹೊಸ ನೆಲಹಾಸು, ಅಂಟು ಬಳಸಿದ ರಿಪೇರಿ ಏನಾದರೂ ಇತ್ತೀಚೆಗೆ ಆಗಿದೆಯೇ ನೆನಪು ಮಾಡಿಕೊಳ್ಳಿ. ಮಲಗುವ ಮುನ್ನ ಸೊಳ್ಳೆಗೋ ಕೂದಲಿಗೋ ಸ್ಪ್ರೇ ಹೊಡೆಯುವ ಅಭ್ಯಾಸವಿದ್ದರೂ ಹೀಗೇ, ಆದರೆ ಅದಕ್ಕೆ ಅಲಾರಂ ಆಗಲೇ ಕೂಗುತ್ತದೆ, ಮೂರು ಗಂಟೆಯವರೆಗೆ ಕಾಯುವುದಿಲ್ಲ. ನಾಯಿ ಸಾಕಿದ್ದೀರಾ? ನಗಬೇಡಿ. ಅಲಾರಮ್ಮಿನ ಎದುರೇ ಹಿಂಬದಿ ಹಾಕಿ ಮಲಗಿದ ನಾಯಿ ಬಿಟ್ಟ ಗಾಳಿಗೆ ಇಡೀ ಮನೆ ಬೀದಿಗೆ ಓಡಿಬಂದದ್ದನ್ನು ನಾನು ಕಂಡಿದ್ದೇನೆ.

ನೀವು ಕೇಳುತ್ತಿರುವುದು ಕೆಂಪು ದೀಪದ ನಿಲ್ಲದ ಕೂಗು. ಇನ್ನೊಂದು ಬಗೆಯದು ಅರ್ಧ ನಿಮಿಷಕ್ಕೋ ನಿಮಿಷಕ್ಕೋ ಒಮ್ಮೆ ಬರುವ ‘ಚಿರ್ಪ್’. ಅದು ಗ್ಯಾಸಿನ ಸುದ್ದಿಯಲ್ಲ, ತನ್ನದೇ ಗೋಳು: ವೋಲ್ಟೇಜ್ ಇಳಿದಿದೆ, ಅಥವಾ ಆಯಸ್ಸು ಮುಗಿದಿದೆ. ಮಣಿಯನ್ನು ಕಾಯಿಸುವ ಹೀಟರ್ ಇರುವುದರಿಂದ ಈ ಅಲಾರಮ್ಮುಗಳು ಹಗಲು ರಾತ್ರಿ ಕರೆಂಟ್ ಎಳೆಯುತ್ತವೆ. 100 ಮಿಲಿಆಂಪಿಯರ್ ಎಳೆಯುವುದಾದರೆ ದಿನಕ್ಕೆ 2.4 ಆಂಪಿಯರ್-ಗಂಟೆ, 100ರ ಬ್ಯಾಟರಿ ಇಪ್ಪತ್ತು ದಿನದಲ್ಲಿ ಅರ್ಧ ಖಾಲಿ. ಬಳಸದೆ ನಿಲ್ಲಿಸಿದ ಗಾಡಿಯ ಬ್ಯಾಟರಿ ಸಾಯುವುದಕ್ಕೆ ಇದೂ ಒಂದು ಕಾರಣ. ಹಾಗೆ ಪೂರ್ತಿ ಖಾಲಿಯಾಗಿ ವಾರಗಟ್ಟಲೆ ನಿಂತ ಬ್ಯಾಟರಿಯೇ ಮುಂದೆ ಕೋಣೆ ಶಾರ್ಟ್ ಮಾಡಿಕೊಂಡು ಕುದಿಯುವುದು. ನಿಮ್ಮ ಗಾಡಿ ಮಾರಾಟಕ್ಕೆ ಮುಂಚೆ ಎಷ್ಟು ತಿಂಗಳು ನಿಂತಿತ್ತೋ ಕೇಳಿ ನೋಡಿ.

ಹೊಸ ಅಲಾರಂ ಹಾಕಿಸಿದ್ದು ದಂಡವಾಯಿತು ಎಂದು ಬೇಸರ ಬೇಡ. ಈ ಮಣಿಗಳ ಆಯಸ್ಸು ಸಾಮಾನ್ಯವಾಗಿ ಐದರಿಂದ ಏಳು ವರ್ಷ. ಲೆಕ್ಕ ಶುರುವಾಗುವುದು ಕೊಂಡ ದಿನದಿಂದಲ್ಲ, ಹಿಂಬದಿಯಲ್ಲಿ ಅಚ್ಚಾದ ತಯಾರಿಕೆಯ ದಿನಾಂಕದಿಂದ. ನಿಮ್ಮ ಹಳೆಯದಕ್ಕೆ ಹೇಗೂ ಕಾಲ ಬಂದಿತ್ತು. ಹೊಸದರ ಹಿಂಬದಿಯನ್ನೂ ನೋಡಿ, ಅಂಗಡಿಯ ಕಪಾಟಿನಲ್ಲೇ ಎರಡು ವರ್ಷ ಕಳೆದ ಸರಕು ಕೊಟ್ಟಿರಬಹುದು. ಅದರ ಸುತ್ತಮುತ್ತ ಸಿಲಿಕೋನ್ ಸೀಲೆಂಟ್ ಹಚ್ಚಬೇಡಿ, ಸಿಲಿಕೋನಿನ ಆವಿ ಮಣಿಯ ಮೇಲೆ ಪದರ ಕಟ್ಟಿ ಅದನ್ನು ಕುರುಡು ಮಾಡುತ್ತದೆ. ಟೆಸ್ಟ್ ಬಟನ್ ಒತ್ತಿದಾಗ ಕೂಗಿತೆಂದು ಮಣಿ ಸರಿಯಿದೆ ಎಂದೂ ತಿಳಿಯಬೇಡಿ. ಬಹಳಷ್ಟು ಮಾದರಿಗಳಲ್ಲಿ ಆ ಬಟನ್ ಪರೀಕ್ಷಿಸುವುದು ಸೈರನ್ನನ್ನು ಮತ್ತು ಸರ್ಕ್ಯೂಟನ್ನು ಮಾತ್ರ.

ಇನ್ನೊಂದು ವಿಷಯ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ನಿಮ್ಮದು ಗ್ಯಾಸ್ ಅಲಾರಂ ಮಾತ್ರವೇ, ಕಾರ್ಬನ್ ಮೊನಾಕ್ಸೈಡನ್ನೂ ಹಿಡಿಯುವ ಜೋಡಿ ಮಾದರಿಯೇ? ಮೊನಾಕ್ಸೈಡಿಗೆ ವಾಸನೆ ಇಲ್ಲ. ಸರಿಯಾಗಿ ಉರಿಯದ ಹೀಟರ್, ಹೊಗೆದಾರಿಯಲ್ಲಿ ಜೇಡ ಗೂಡು ಕಟ್ಟಿದ ಗ್ಯಾಸ್ ಫ್ರಿಜ್, ಪಕ್ಕದ ಗಾಡಿಯ ಜನರೇಟರ್, ಯಾವುದರಿಂದಲೂ ಬರಬಹುದು. ಅದರ ಅಲಾರಂ ಒಮ್ಮೆಲೇ ಕೂಗುವುದಿಲ್ಲ, ಪ್ರಮಾಣ ಮತ್ತು ಸಮಯ ಎರಡನ್ನೂ ಲೆಕ್ಕ ಹಾಕುತ್ತದೆ: ಹತ್ತು ಲಕ್ಷಕ್ಕೆ 70 ಪಾಲು ಇದ್ದರೆ ಒಂದು ಗಂಟೆಗೂ ಮೀರಿ ಕಾಯಬಹುದು, 400 ಪಾಲು ಇದ್ದರೆ 15 ನಿಮಿಷದೊಳಗೆ ಕೂಗಲೇಬೇಕು. ನಾಲ್ಕು ಕೂಗು, ವಿರಾಮ, ಮತ್ತೆ ನಾಲ್ಕು, ಇದು ಅದರ ರೂಢಿಯ ಲಯ. ಕುದಿಯುವ ಬ್ಯಾಟರಿಯ ಹೈಡ್ರೋಜನ್ನಿಗೆ ಇದೂ ಮೋಸಹೋಗಬಲ್ಲದು, ಅದು ಬೇರೆ ಮಾತು. ಆದರೆ ರಾತ್ರಿ ಎದ್ದಾಗ ತಲೆನೋವು, ವಾಕರಿಕೆ ಇದ್ದರೆ ಬ್ಯಾಟರಿಯ ನನ್ನ ಸಿದ್ಧಾಂತವನ್ನೆಲ್ಲ ಬದಿಗಿಟ್ಟು ಮೊದಲು ಎಲ್ಲರೂ ಹೊರಗೆ ಬನ್ನಿ, ವೈದ್ಯರಿಗೆ ತೋರಿಸಿ.

ಬ್ಯಾಟರಿಯೇ ತಪ್ಪಿತಸ್ಥ ಎಂದು ಸಿಕ್ಕಿದರೆ ಜೋಡಿಯಲ್ಲಿ ಒಂದನ್ನು ಮಾತ್ರ ಬದಲಿಸಬೇಡಿ, ಎರಡನ್ನೂ ಒಟ್ಟಿಗೆ ಬದಲಿಸಿ. ಹೊಸದರ ಗಾಳಿಕೊಳವೆ ಮಡಚಿಕೊಳ್ಳದೆ ಗಾಡಿಯ ಹೊರಗೆ ಹೋಗಿರಬೇಕು. ಆಮೇಲೆ ಚಾರ್ಜರಿನ ವಿಚಾರಣೆ ಬಾಕಿ ಇದೆ. ಬ್ಯಾಟರಿ ತಾನೇ ಕೆಟ್ಟಿತೋ ಚಾರ್ಜರ್ ಕೆಡಿಸಿತೋ ಎಂದು ಇನ್ನೂ ಗೊತ್ತಾಗಿಲ್ಲ. ಹೊಸ ಬ್ಯಾಟರಿ ಹಾಕಿ, ಕರೆಂಟ್ ಕೊಟ್ಟು ಒಂದು ದಿನ ಪೂರ್ತಿ ಬಿಟ್ಟು ಟರ್ಮಿನಲ್ಲಿನಲ್ಲಿ ಅಳೆಯಿರಿ. 13.2ರಿಂದ 13.8ರ ನಡುವೆ ಬಂದು ನಿಂತಿರಬೇಕು. ಮರುದಿನವೂ 14.4 ದಾಟಿಯೇ ಕೂತಿದ್ದರೆ ಚಾರ್ಜರ್ ಬದಲಿಸುವವರೆಗೆ ಕಂಬದ ಬ್ರೇಕರ್ ಇಳಿಸಿಯೇ ಮಲಗಿ. ಅಲಾರಮ್ಮಿನ ಫ್ಯೂಸ್ ಮಾತ್ರ ಅದರ ಜಾಗದಲ್ಲೇ ಇರಲಿ.